ಗಂಟಿನ ಮಾತು

ಕೊಳ್ಳೇಗಾಲದಲ್ಲಿ ನಮ್ಮ ಅಂಗಡಿಯ ಬೋರ್ಡಿನ ಮೇಲಿರುವುದು ಒಂದೇ ಮಾತು: ಲಾಂಡ್ರಿ. ಅದರ ಮುಂದೆ ದೇವರ ಹೆಸರಿಲ್ಲ, ಹಿಂದೆ ನಮ್ಮ ಹೆಸರಿಲ್ಲ. ಬೋರ್ಡು ಬರೆಯಲು ಬಂದವನು, 'ಮುಂದ್ಕ ಏನಾರ ಸೇರ್ಸಣ ಸಾ, ಬೋಳುಬೋಳಾಗಿ ಕಾಣ್ತದ' ಎಂದ. ಅಪ್ಪ, 'ಬೋಳಾಗೇ ಇರ್ಲಿ, ಅದುಕ್ಕೇ ಅಲ್ವಾ ಆ ಮಾತ ತಕಂಡಿರಾದು' ಎಂದು ಉತ್ತರ ಕೊಟ್ಟ. ನಾನಾಗ ಪ್ರೈಮರಿ ಶಾಲೆಯ ಹುಡುಗಿ, ಬಣ್ಣದ ಡಬ್ಬಿಯ ಪಕ್ಕ ನಿಂತು ವಾಸನೆ ಕುಡಿಯುತ್ತಿದ್ದೆ. ಅಪ್ಪ ಹೇಳಿದ್ದರ ಅರ್ಥವಾಗಲು ನನಗೆ ಎಷ್ಟೋ ವರ್ಷ ಬೇಕಾಯಿತು.

ಅಗಸ ಅಂದರೆ ಜಾತಿ. ಹಳಗನ್ನಡದಲ್ಲಿ ಅದು ಅಸಗ, ಅಕ್ಷರ ಅದಲುಬದಲಾಗಿ ಅಗಸ ಆಯಿತಂತೆ. ಅಕ್ಷರಗಳು ಜಾಗ ಬದಲಾಯಿಸಿದವು, ನಾವು ಬದಲಾಯಿಸಲಿಲ್ಲ. ಮಡಿವಾಳ ಅಂದರೂ ಜಾತಿಯೇ, ಸ್ವಲ್ಪ ಮರ್ಯಾದೆ ಬೆರೆಸಿದ ಜಾತಿ. ದೋಬಿ ಅನ್ನುವುದು ಪೇಟೆಯವರ ಮಾತು. ಹನೂರಿನ ಆಚೆ, ತಮಿಳು ಕನ್ನಡ ಎರಡೂ ಆಡುವ ಊರಿನಲ್ಲಿ ಹುಟ್ಟಿದ ಅವ್ವನಿಗೆ ವಣ್ಣಾರ್ ಎಂಬ ಮಾತಿನ ಮೇಲೆ ಪ್ರೀತಿ. ತಮಿಳಿನಲ್ಲಿ ವಣ್ಣ ಅಂದರೆ ಬಣ್ಣ, ಅದರೊಳಗೆ ಬಣ್ಣ ಇದೆ ಎಂದು ಅವಳ ಹೆಮ್ಮೆ. ಈ ಮಾತುಗಳೆಲ್ಲ ಮನುಷ್ಯನಿಗೆ ಅಂಟಿಕೊಳ್ಳುತ್ತವೆ, ಲಾಂಡ್ರಿ ಮಾತ್ರ ಅಂಗಡಿಗೆ ಅಂಟಿಕೊಳ್ಳುತ್ತದೆ ಎಂಬುದು ಅಪ್ಪನ ಲೆಕ್ಕಾಚಾರ. ಶಟರ್ ಎಳೆದು ಬೀಗ ಹಾಕಿದರೆ ಲಾಂಡ್ರಿ ಒಳಗೇ ಉಳಿಯುತ್ತದೆ, ನಾವು ಬರೀ ಮನುಷ್ಯರಾಗಿ ಮನೆಗೆ ಹೋಗಬಹುದು. ಲೆಕ್ಕಾಚಾರವೇನೋ ಚೆನ್ನಾಗಿತ್ತು. ಜನ ಅಪ್ಪನಿಗಿಂತ ಜಾಣರು. ವರ್ಷ ತಿರುಗುವಷ್ಟರಲ್ಲಿ ಅವನು ಲಾಂಡ್ರಿಯೋನು ಆದ, ಅವ್ವ ಲಾಂಡ್ರಿಯೋಳು ಆದಳು, ಶಾಲೆಯಲ್ಲಿ ನಾನು ಲಾಂಡ್ರಿ ಹುಡುಗಿಯಾದೆ.

ಫೋನು ಕೈಗೆ ಬಂದ ಮೇಲೆ, ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಆ ಮಾತು ಎಲ್ಲಿಂದ ಬಂತೆಂದು ಹುಡುಕಿದೆ. ಇಂಗ್ಲಿಷಿಗೆ ಅದು ಫ್ರೆಂಚಿನಿಂದ ಬಂದದ್ದು, ಫ್ರೆಂಚಿಗೆ ಲ್ಯಾಟಿನ್ನಿನಿಂದ. ಬೇರು ನೋಡಿದರೆ ತೊಳೆ ಎಂಬ ನಮ್ಮ ಮಾತೇ. ಮೊದಮೊದಲು ಅದು ಬಟ್ಟೆ ತೊಳೆಯುವ ಆಳಿಗೆ, ಹೆಚ್ಚಾಗಿ ಹೆಂಗಸಿಗೆ, ಇದ್ದ ಹೆಸರಿನಿಂದ ಹೊರಟಿತು. ಆಮೇಲೆ ಅವಳು ತೊಳೆಯುವ ಜಾಗದ ಹೆಸರಾಯಿತು. ಕೊನೆಗೆ ತೊಳೆಯಬೇಕಾದ ಬಟ್ಟೆಯ ರಾಶಿಗೇ ಆ ಹೆಸರು ಬಂತು. ನಾನು ಇದನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಬಟ್ಟೆ ವಿಂಗಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

'ಅಂಗಾರ ಆ ಯೆಂಗ್ಸು ಎಲ್ಲೋದ್ಲು?' ಎಂದು ಕೇಳಿದಳು.

ನಾನು ನಕ್ಕುಬಿಟ್ಟೆ.

ಲಾಂಡ್ರಿ ಎಂಬ ಮಾತನ್ನು ಅಪ್ಪ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಅವನಿಗೆ ಮಡಿ ಎಂಬ ಮಾತು ಕಂಡರೆ ಭಯ. ಒಗೆದು ಒಣಗಿಸಿದ್ದು ಮಡಿ. ಅದನ್ನು ಪದರ ಮಾಡಿಟ್ಟರೆ ಮಡಿಸಿದ್ದು. ಮನುಷ್ಯ ಸತ್ತರೂ ಮಡಿದ ಅನ್ನುತ್ತಾರೆ. ಇಸ್ತ್ರಿ ಬಟ್ಟೆ ಸುತ್ತಲು ತಂದ ಹಳೇ ಪೇಪರಿನಲ್ಲಿ ಅಕ್ಷರ ಕೂಡಿಸಿ ಓದುವುದನ್ನು ಕಲಿತವಳು ನಾನು. ಒಂದು ದಿನ 'ಲಾರಿ ಉರುಳಿ ಇಬ್ಬರು ಮಡಿದರು' ಎಂದು ಗಟ್ಟಿಯಾಗಿ ಓದಿ, 'ಏನ ಮಡಿಸ್ತಿದ್ರಪ್ಪ ಅವ್ರು, ಸೀರೆಯಾ ಪಂಚೆಯಾ?' ಎಂದು ಕೇಳಿದೆ. ಅವ್ವ ಹೊಟ್ಟೆ ಹಿಡಿದು ನಕ್ಕಳು. ಅಪ್ಪ ನಗಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, 'ಆ ಮಾತ ಅಂಗಡೀಲಿ ಆಡ್ಬ್ಯಾಡ ಕೂಸ' ಎಂದ. ಅಂದಿನಿಂದ ಪೇಪರನ್ನು ಮನಸ್ಸಿನಲ್ಲೇ ಓದಲು ಕಲಿತೆ.

ಅವನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅವನ ಊರು ಯಳಂದೂರಿನ ಹತ್ತಿರ, ಹೊಳೆಯ ದಂಡೆ. ಅಲ್ಲಿ ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಊರಿನ ಮನೆಮನೆಯ ಬಟ್ಟೆ ಒಗೆಯುತ್ತಿದ್ದಳು. ಸುಗ್ಗಿಯಲ್ಲಿ ರಾಗಿ ಭತ್ತ ಅಳೆದು ಕೊಡುತ್ತಿದ್ದರು. ಹುಡುಗಿ ದೊಡ್ಡವಳಾದರೆ, ಹೆರಿಗೆಯಾದರೆ, ಸಾವಾದರೆ, ಮೈಲಿಗೆ ಬಟ್ಟೆ ಮೊದಲು ಬರುತ್ತಿದ್ದುದು ಅವಳ ಕೈಗೆ. ನೆಂಟರಿಷ್ಟರಿಗಿಂತ ಮೊದಲು ಸುದ್ದಿ ತಿಳಿಯುತ್ತಿದ್ದುದು ಅವಳಿಗೆ. ಬಟ್ಟೆ ಬರದೇ ಇದ್ದರೆ ಅದೂ ಒಂದು ಸುದ್ದಿಯೇ.

ಒಂದು ಬೆಳಿಗ್ಗೆ ಹೊಳೆಯಲ್ಲಿ, ಒಗೆಯುವ ಕಲ್ಲಿನ ಮೇಲೆ ಮಾತಿಗೆ ಮಾತು ಬಂದು, ದೊಡ್ಡ ಜಮೀನಿದ್ದ ಒಂದು ಮನೆಯ ಹೆಸರು ಹಿಡಿದು, ಅಲ್ಲಿಯ ಮದುವೆಯಾಗದ ಹುಡುಗಿಯ ತಿಂಗಳ ಬಟ್ಟೆ ಬಂದು ಬಹಳ ದಿನವಾಯಿತು ಎಂದು ಅಜ್ಜಿ ಅಂದುಬಿಟ್ಟಳು. ಅಂದದ್ದು ಅಷ್ಟೇ. ಮಾತು ಹೊಳೆ ಬಿಟ್ಟು ಊರು ಸೇರಿತು. ಆ ವಾರ ಕಳೆಯುವ ಮುಂಚೆ ಹುಡುಗಿಯನ್ನು ತೋಟದ ಬಾವಿಯಿಂದ ಎತ್ತಿದರು. ತಾನೇ ಬಿದ್ದಳೋ, ಯಾರಾದರೂ ತಳ್ಳಿದರೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸಂಜೆ ಆ ಮನೆಯಿಂದ ಆಳು ಬಂದು ಒಂದು ಗಂಟು ಇಟ್ಟು ಹೋದ. ಅಜ್ಜಿ ಬಿಚ್ಚಿದಳು. ಎಲ್ಲಕ್ಕಿಂತ ಮೇಲೆ ಒದ್ದೆ ದಾವಣಿ ಇತ್ತು.

ಅದನ್ನು ಅಜ್ಜಿ ಒಗೆದಳು. ಒಗೆಯದೆ ಇರಲು ಆಗುವುದಿಲ್ಲವಲ್ಲ. ಒಗೆದು ಒಣಹಾಕಿ ಬಂದು, ಎಳೆಯವನಾಗಿದ್ದ ಅಪ್ಪನನ್ನು ಹೊಳೆಗೆ ಕರೆದುಕೊಂಡು ಹೋಗಿ, ಆ ಕಲ್ಲು ಮುಟ್ಟಿಸಿ ಆಣೆ ಹಾಕಿಸಿದಳು: ಗಂಟಿನ ಮಾತು ಗಂಟಲಿಗೆ ಬರಬಾರದು. ಬಟ್ಟೆಯ ಗಂಟು ಏನು ಹೇಳಿದರೂ ಕೈಗೆ ಗೊತ್ತಿರಬೇಕು, ಬಾಯಿಗೆ ಗೊತ್ತಿರಬಾರದು. ಅಪ್ಪ ಮದುವೆಯಾದ ಮೇಲೆ ಅದನ್ನು ಅವ್ವನಿಗೆ ಹೇಳಿದ. ಅವ್ವ ನನಗೆ ಹೇಳಿದಳು. ನಮ್ಮ ಮನೆಯಲ್ಲಿ ಆಸ್ತಿ ಎಂದು ಒಬ್ಬರಿಂದ ಒಬ್ಬರಿಗೆ ಬಂದದ್ದು ಇದೊಂದೇ.

ಅಗಸನ ಬಡಿವಾರವೆಲ್ಲ ಹೆರರ ಬಟ್ಟೆ ಮೇಲೆ ಎಂದು ಗಾದೆ. ಅವನ ಭಯವೂ ಹೆರರ ಬಟ್ಟೆ ಮೇಲೇ ಎಂಬುದನ್ನು ಗಾದೆ ಕಟ್ಟಿದವರು ಯೋಚಿಸಲಿಲ್ಲ. ಅಂಗಡಿಗೆ ಬರುವ ಬಟ್ಟೆ ಬಾಯಿ ಮುಚ್ಚಿಕೊಂಡು ಬರುವುದಿಲ್ಲ. ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವವರ ಅಂಗಿಯಲ್ಲಿ ಕಾಕಂಬಿಯ ವಾಸನೆ ಇರುತ್ತದೆ. ಅದರ ಕೆಳಗೆ ಇನ್ನೊಂದು ವಾಸನೆ ಇದ್ದರೆ ಅದು ಕಾರ್ಖಾನೆಯದಲ್ಲ. ಒಬ್ಬ ಗಿರಾಕಿಯ ಪಂಚೆಗೆ ಇರುವೆ ಮುತ್ತಿದಾಗ ಅವನಿಗೆ ಸಕ್ಕರೆ ಕಾಯಿಲೆ ಎಂದು ಅವ್ವನಿಗೆ ಗೊತ್ತಾಯಿತು. ಅವನ ಕಾಲಿನ ಬೆರಳು ತೆಗೆಯುವವರೆಗೂ ಅವನಿಗೆ ಗೊತ್ತಿರಲಿಲ್ಲ. ಅವ್ವ ಪಂಚೆ ಕೊಡವಿ ನೀರಿಗೆ ಹಾಕಿದಳು, ಅಷ್ಟೇ. ನನಗೆ ಇದು ಆಗಲೂ ಸಿಟ್ಟು ಬರಿಸುತ್ತಿತ್ತು. ಬಾವಿಗೆ ಬಿದ್ದ ಹುಡುಗಿಯ ಕತೆ ನೆನಪಾಗಿ ಸುಮ್ಮನಾಗುತ್ತಿದ್ದೆ.

ಗಂಡನ ಮನೆ ನನಗೆ ಒಗ್ಗಲಿಲ್ಲ. ವಾಪಸು ಬಂದು ಅಂಗಡಿಯಲ್ಲಿ ಕೂತೆ. ಅಷ್ಟು ಹೊತ್ತಿಗೆ ಕಲ್ಲು, ಬಟ್ಟೆಯನ್ನು ಹಬೆಯಲ್ಲಿ ಬೇಯಿಸಿ ಉಬ್ಬೆ ಹಾಕುವ ಹಂಡೆ ಎಲ್ಲ ಹೋಗಿ ದೊಡ್ಡ ವಾಷಿಂಗ್ ಮೆಷಿನ್ ಬಂದಿತ್ತು. ರೇಷ್ಮೆ ಸೀರೆಗಳ ಪಾಲಿಶ್ ಕೆಲಸ ಹೆಚ್ಚಾಗಿತ್ತು. ಅಪ್ಪ ಇಸ್ತ್ರಿ ಮೇಜು ಬಿಟ್ಟು ಅಲ್ಲಾಡುತ್ತಿರಲಿಲ್ಲ. ಅವ್ವ ಹಿಂದಿನ ಕೋಣೆಯಲ್ಲಿ ಗಂಟು ಬಿಚ್ಚಿ, ಗುರುತು ಹಾಕಿ, ಬಣ್ಣ ಬೇರೆ ಬಿಳಿ ಬೇರೆ ಮಾಡುತ್ತಿದ್ದಳು. ಮನೆ ಅಂಗಡಿಯ ಮೇಲೆಯೇ. ನಮ್ಮ ಬಟ್ಟೆ ತಾರಸಿಯ ಹಗ್ಗದ ಮೇಲೆ ಒಣಗುತ್ತಿತ್ತು.

ಆ ಹಗ್ಗದ ಮೇಲೆ ಅವ್ವನ ಬಟ್ಟೆ ಕಡಿಮೆಯಾದದ್ದು ದೀಪಾವಳಿ ಕಳೆದ ಮೇಲೆ. ಮೊದಲು ಒಳಲಂಗಗಳು ಕಾಣೆಯಾದವು. ಆಮೇಲೆ ಸೀರೆಗಳೂ ಕಾಣೆಯಾದವು. ಅಪ್ಪನ ಅಂಗಿ, ನನ್ನ ಚೂಡಿದಾರ, ನಡುವೆ ಖಾಲಿ ಹಗ್ಗ. ಕೇಳಿದರೆ, 'ಚಳಿ ಕಣವ್ವ, ಬಿಸ್ಲೇ ಇಲ್ಲ, ಒಳಗ ಆಕಂಡಿವ್ನಿ' ಎಂದಳು. ಬಿಸಿಲು ಧಾರಾಳವಾಗಿತ್ತು. ಊರಿನವರ ಬಟ್ಟೆಯೆಲ್ಲ ಅದೇ ತಾರಸಿಯಲ್ಲಿ ಒಣಗುತ್ತಿತ್ತು.

ಆಮೇಲೆ ಬಣ್ಣ ಬದಲಾಯಿತು. ಅವ್ವನಿಗೆ ತಿಳಿಬಣ್ಣ ಇಷ್ಟ. ಗಿಳಿಹಸಿರು, ತೆಳು ಹಳದಿ, ಆಕಾಶದ ನೀಲಿ. ಕೊಳೆ ಕಂಡರೆ ತಾನೇ ಒಗೆಯುವುದು, ಕಾಣದ ಬಣ್ಣ ಉಟ್ಟುಕೊಳ್ಳುವವರು ಸೋಮಾರಿಗಳು ಎನ್ನುತ್ತಿದ್ದವಳು. ಆ ಚಳಿಗಾಲದಲ್ಲಿ ಒಡೆಯರಪಾಳ್ಯದ ಟಿಬೆಟನ್ನರ ಕ್ಯಾಂಪಿನಿಂದ ಲಾಮಾಗಳ ಬಟ್ಟೆಯ ಗಂಟು ಬಂತು. ಕಡುಗೆಂಪು ನಿಲುವಂಗಿಗಳು, ದಪ್ಪ ಶಾಲುಗಳು. ಅವ್ವ ಒಂದನ್ನು ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ಸವರಿದಳು.

'ಈ ಬಣ್ಣ ಒಳ್ಳೇದು, ಏನೂ ಕಾಣಾಕಿಲ್ಲ' ಎಂದಳು.

ಮುಂದಿನ ಸಂತೆಯಲ್ಲಿ ಅದೇ ಬಣ್ಣದ ಎರಡು ಸೀರೆ ತಂದಳು. ಅವೆರಡನ್ನೇ ಬದಲಾಯಿಸಿ ಬದಲಾಯಿಸಿ ಉಡತೊಡಗಿದಳು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ ಎಂದು ನಾನು ಗೇಲಿ ಮಾಡಿದೆ. ಅವಳು ನಗಲು ನೋಡಿದಳು. ಮೈಯಿಂದ ಫಿನೈಲಿನ ವಾಸನೆ ಬರುತ್ತಿತ್ತು. ನೆಲ ಒರೆಸಿದ್ದು ಎಂದಳು. ನೆಲ ಒರೆಸುವವಳು ನಾನು.

ಇನ್ನು ಉಪ್ಪು. ಮೂರೇ ಜನರ ಮನೆಯಲ್ಲಿ ಉಪ್ಪಿನ ಪ್ಯಾಕೆಟ್ಟು ಬಂದಷ್ಟೇ ಬೇಗ ಖಾಲಿಯಾಗುತ್ತಿತ್ತು. ಅಡುಗೆಗೆ ಎಷ್ಟು ಬೇಕೋ ಅಷ್ಟು ಹಾಕುವವಳು ನಾನೇ, ಸಾರು ಯಾವತ್ತೂ ಉಪ್ಪಾಗಿರಲಿಲ್ಲ. ಮುಗಿಯಿತಲ್ಲ, ತರಬೇಕು ಎಂದುಕೊಂಡು ಡಬ್ಬಿ ತೆರೆದರೆ ಮತ್ತೆ ತುಂಬಿರುತ್ತಿತ್ತು. ಅವ್ವ ತಂದಿರಬೇಕು ಎಂದುಕೊಂಡೆ. ಸೀರೆ ತಂದ ಆ ಸಂತೆಯ ಮೇಲೆ ಅವ್ವ ಮನೆಯಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟಿದ್ದಾಳೆ ಎಂಬುದು ಆಗ ಹೊಳೆಯಲಿಲ್ಲ. ಆದರೆ ಮನಸ್ಸಿನೊಳಗೆ ಏನೋ ಸರಿಯಿಲ್ಲ ಎಂಬ ಕೊರೆತ ಶುರುವಾಗಿತ್ತು. ಅವಳು ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿದ್ದಳು. ಕೂತು ಎದ್ದರೆ ಕೂತ ಜಾಗವನ್ನು ತಿರುಗಿ ನೋಡುತ್ತಿದ್ದಳು. ಮದುವೆಗೆ ಕರೆದರೆ ಹೋಗುತ್ತಿರಲಿಲ್ಲ, ಬಸ್ಸು ಹತ್ತುತ್ತಿರಲಿಲ್ಲ.

ಶಿವರಾತ್ರಿಯ ಹಿಂದಿನ ದಿನ ಮನೆ ತೊಳೆಯುತ್ತಿದ್ದೆ. ತಾರಸಿಗೆ ಹೋಗುವ ಮೆಟ್ಟಿಲ ಕೆಳಗೆ ನೀರಿನ ಡ್ರಮ್ಮಿದೆ. ಅದರ ಹಿಂದೆ ಒಂದು ಬಕೆಟ್ಟು, ಮೇಲೆ ಮುಚ್ಚಿದ ತಟ್ಟೆ. ತಟ್ಟೆ ಎತ್ತಿದೆ. ನೀರು ತಿಳಿಗೆಂಪಾಗಿತ್ತು. ಒಳಗೆ ಬಟ್ಟೆ ಮುಳುಗಿತ್ತು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು. ನಮ್ಮ ಕಸುಬಿನವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ರಕ್ತದ ಬಟ್ಟೆಗೆ ಬಿಸಿನೀರು ಸೋಕಿಸಬಾರದು, ಕಲೆ ಕಚ್ಚಿಕೊಳ್ಳುತ್ತದೆ. ತಣ್ಣೀರು, ಉಪ್ಪು, ಒಂದು ಇರುಳು ನೆನೆಯಬೇಕು.

ಅವ್ವನನ್ನು ಕರೆದೆ. ಬಂದಳು. ತೆರೆದ ಬಕೆಟ್ಟು ನೋಡಿ ಅಲ್ಲೇ ನಿಂತಳು.

'ಯಾರ್ದವ್ವ ಇದು?'

'ಯಾರ್ದೋ ಗಿರಾಕೀದು.'

'ಯಾವ ಗಿರಾಕಿ?'

'ಗಂಟಿನ ಮಾತ ಕೇಳ್ತಿಯಲ್ಲ ನೀನು' ಎಂದು ಗದರಿದಳು. ಗದರಿಕೆಯಲ್ಲಿ ಬಲ ಇರಲಿಲ್ಲ.

ನಾನು ಬಟ್ಟೆಯನ್ನು ಎತ್ತಿ ಹಿಂಡಿದೆ. ಒಳಲಂಗ. ಗಿರಾಕಿಗಳ ಬಟ್ಟೆ ಯಾವುದೇ ಇರಲಿ, ಅಂಚಿನಲ್ಲಿ ಒಂದು ಗುರುತು ಇದ್ದೇ ಇರುತ್ತದೆ. ಹಿಂದೆ ಕರಿಗೇರಿನ ರಸದಲ್ಲಿ ಹಾಕುತ್ತಿದ್ದರು, ಈಗ ಮಾಸದ ಇಂಕಿನ ಪೆನ್ನು. ಅದಿಲ್ಲದಿದ್ದರೆ ಯಾರ ಬಟ್ಟೆ ಯಾರಿಗೋ ಹೋಗುತ್ತದೆ. ಅಂಚನ್ನು ಬೆಳಕಿಗೆ ಹಿಡಿದು ಸುತ್ತಲೂ ಹುಡುಕಿದೆ. ಗುರುತು ಇರಲಿಲ್ಲ. ಇಡೀ ಕೊಳ್ಳೇಗಾಲದಲ್ಲಿ ನಮ್ಮ ಕೈಗೆ ಬರುವ ಬಟ್ಟೆಗಳಲ್ಲಿ ಗುರುತು ಇಲ್ಲದ್ದು ನಮ್ಮ ಮನೆಯ ಬಟ್ಟೆ ಮಾತ್ರ. ನನ್ನದಲ್ಲ ಎಂದು ನನಗೆ ಗೊತ್ತಿತ್ತು. ಅವ್ವನಿಗೆ ಮುಟ್ಟು ನಿಂತು ಎಷ್ಟೋ ವರ್ಷವಾಗಿತ್ತು.

'ಯಾವಾಗ್ನಿಂದ?' ಎಂದೆ.

'ಈಟೇಯ. ಓಯ್ತದ ಬುಡು' ಎಂದು ಲಂಗವನ್ನು ನನ್ನ ಕೈಯಿಂದ ಕಿತ್ತುಕೊಂಡು ಮತ್ತೆ ನೀರಿಗೆ ಹಾಕಿದಳು. ತಟ್ಟೆ ಮುಚ್ಚಿದಳು. ತಟ್ಟೆ ಮುಚ್ಚಿದ್ದು ನನ್ನ ಬಾಯಿಯ ಮೇಲೆ ಅನ್ನಿಸಿತು.

ಕೆಳಗೆ ಇಳಿದು ಅಪ್ಪನ ಎದುರು ನಿಂತೆ. ಅವನು ಬಿಳಿ ಅಂಗಿಯ ಕಾಲರು ಇಸ್ತ್ರಿ ಮಾಡುತ್ತಿದ್ದ. ಹೇಗೆ ಹೇಳುವುದೆಂದು ಗೊತ್ತಾಗದೆ ಒಂದೇ ಉಸಿರಿಗೆ ಹೇಳಿದೆ: ಅವ್ವನಿಗೆ ರಕ್ತ ಹೋಗುತ್ತಿದೆ, ಬಟ್ಟೆ ಬಚ್ಚಿಡುತ್ತಿದ್ದಾಳೆ, ಉಪ್ಪುನೀರಲ್ಲಿ ನೆನೆಹಾಕುತ್ತಿದ್ದಾಳೆ. ಅವನು ಕಾಲರು ಮುಗಿಸಿದ. ತೋಳು ತಿರುಗಿಸಿ ಹಾಸಿದ. ನನ್ನ ಮುಖ ನೋಡಲಿಲ್ಲ.

'ಉಪ್ಪು ಮುಗ್ದೋಯ್ತಾ?' ಎಂದು ಕೇಳಿದ. 'ಆ ಗೂಟುಕ್ಕ ನೇತಾಕಿರ ಚೀಲದಲ್ಲಿ ಇನ್ನೊಂದ್ ಪ್ಯಾಕೆಟ್ ಅದ.'

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಡಬ್ಬಿ ತುಂಬಿಸುತ್ತಿದ್ದುದು ಅವನು. ಅವನಿಗೆ ಗೊತ್ತಿತ್ತು. ನನಗಿಂತ ಎಷ್ಟೋ ಮೊದಲು ಗೊತ್ತಿತ್ತು. ಒಂದೇ ಹಾಸಿಗೆಯಲ್ಲಿ ಮಲಗುವ ಹೆಂಡತಿಯ ಬಟ್ಟೆಯ ಕಲೆ ನೋಡಿ, ಗಿರಾಕಿಯ ಕಲೆ ನೋಡಿದಾಗ ಏನು ಮಾಡುತ್ತಾನೋ ಅದನ್ನೇ ಮಾಡಿದ್ದ. ಬಾಯಿ ಮುಚ್ಚಿಕೊಂಡು, ಕಲೆ ಹೋಗಲು ಏನು ಬೇಕೋ ಅದನ್ನು ತಂದಿಟ್ಟಿದ್ದ. ಬೇರೆ ಯಾವ ಗಂಡನೂ ಈ ತಪ್ಪು ಮಾಡಲಾರ. ಗೊತ್ತಾದರೆ ಕೇಳುತ್ತಾನೆ, ಇಲ್ಲವೇ ಗೊತ್ತೇ ಆಗುವುದಿಲ್ಲ. ಗೊತ್ತಾಗಿಯೂ ಕೇಳದೆ ಉಪ್ಪು ತರುವವನು ನಮ್ಮಪ್ಪ ಒಬ್ಬನೇ. ನನಗೆ ಬಂದ ಸಿಟ್ಟಿಗೆ ಆ ಇಸ್ತ್ರಿ ಪೆಟ್ಟಿಗೆ ಎತ್ತಿ ಬೀದಿಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಸ್ವಿಚ್ಚು ಆರಿಸಿ, ಶಟರ್ ಎಳೆದು, ಇಬ್ಬರನ್ನೂ ಆಟೋ ಹತ್ತಿಸಿದೆ.

ಊರಿನ ಡಾಕ್ಟರಮ್ಮ ಅವ್ವನನ್ನು ಪರೀಕ್ಷೆ ಮಾಡಿ ಹೊರಗೆ ಬಂದು ಕೈ ತೊಳೆದರು. ಬಹಳ ಹೊತ್ತು ತೊಳೆದರು. ಅವರ ಬೆನ್ನು ನೋಡುತ್ತಾ ನಾನು ಕೂತಿದ್ದೆ. ಮುಖ ತಿರುಗಿಸುವ ಮುಂಚೆಯೇ ನನಗೆ ಗೊತ್ತಾಗಿ ಹೋಯಿತು.

'ಎಷ್ಟು ದಿನದಿಂದ ಹೀಗಾಗ್ತಿದೆ?' ಎಂದು ಅವ್ವನನ್ನು ಕೇಳಿದರು.

'ಒಂದಿಪ್ಪತ್ ದಿನ ಆಗಿರ್ಬೌದು ಕಣವ್ವ.'

ಬಾಗಿಲ ಹತ್ತಿರ, ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತಿದ್ದ ಅಪ್ಪ ನೆಲ ನೋಡಿಕೊಂಡು ಹೇಳಿದ. 'ಇಲ್ಲ ಡಾಕ್ಟ್ರಮ್ಮ. ಗೌರಿಹಬ್ಬದಿಂದ.'

ಅವ್ವ ತಿರುಗಿ ಅವನನ್ನು ನೋಡಿದಳು. ಮದುವೆಯಾದಂದಿನಿಂದ ನೋಡುತ್ತಿದ್ದ ಮುಖವನ್ನು ಈಗ ಹೊಸದಾಗಿ ನೋಡುತ್ತಿದ್ದಳು. ಡಾಕ್ಟರಮ್ಮ ಚೀಟಿ ಬರೆಯುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿದರು. ಆಮೇಲೆ ಮೈಸೂರಿಗೆ ಬರೆದುಕೊಟ್ಟರು, ಇವತ್ತೇ ಹೊರಡಿ ಎಂದರು.

ಮೈಸೂರಿನ ಆಸ್ಪತ್ರೆಯಲ್ಲಿ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬಂದಾಗ ಓದಿದ್ದು ನಾನು. ಗರ್ಭಕಂಠದ ಕ್ಯಾನ್ಸರು, ಬಹಳ ಮುಂದಕ್ಕೆ ಹೋಗಿದೆ. ಶುರುವಿನಲ್ಲೇ ಬಂದಿದ್ದರೆ ಗುಣ ಮಾಡಬಹುದಿತ್ತು ಎಂದು ಅಲ್ಲಿಯ ಡಾಕ್ಟರು ನನಗೆ ಒಬ್ಬಳಿಗೇ ಹೇಳಿದರು. ಹೊರಗೆ ಬೆಂಚಿನ ಮೇಲೆ ಅವ್ವ ಅಪ್ಪ ಪಕ್ಕಪಕ್ಕ ಕೂತಿದ್ದ ಜಾಗಕ್ಕೆ ನಾನು ನಡೆದುಕೊಂಡು ಹೋದೆ. ನನ್ನ ಬಾಯಿಯೂ ಅಂಟಿಕೊಂಡಿತ್ತು. ಅಜ್ಜಿಯನ್ನೂ ಅವಳ ಕಲ್ಲನ್ನೂ ಮನಸ್ಸಿನಲ್ಲೇ ಶಪಿಸಿ, ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವ್ವ ಅಳಲಿಲ್ಲ. 'ಗರ್ಭಕಂಠ ಅಂದ್ರ ಏನವ್ವ?' ಎಂದು ಕೇಳಿದಳು.

'ಗರ್ಭಕೋಶದ ಗಂಟಲು' ಎಂದೆ.

'ಅದುಕ್ಕೂ ಗಂಟ್ಲು ಅದಾ' ಎಂದಳು.

ವಾಪಸು ಬರುವ ಬಸ್ಸಿನಲ್ಲಿ ಅವರಿಬ್ಬರ ಹಿಂದಿನ ಸೀಟಿನಲ್ಲಿ ನಾನು ಕೂತಿದ್ದೆ. ಕಬ್ಬು ತುಂಬಿದ ಟ್ರಾಕ್ಟರುಗಳು ರಸ್ತೆ ತುಂಬ ಸಾಲುಗಟ್ಟಿದ್ದವು, ಬಸ್ಸು ತೆವಳುತ್ತಿತ್ತು. ಆಮೇಲೆ ಅವ್ವ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು.

'ಒಂದ್ ಮಾತ ಕೇಳಿದ್ರ ಏಳ್ತಿದ್ದೆ.'

ಅಪ್ಪ ಎದುರಿನ ಸೀಟಿನ ಕಂಬಿ ಹಿಡಿದುಕೊಂಡಿದ್ದ. 'ನಿಂಗ ನಾಚ್ಕ ಆಯ್ತದ ಅಂತ ನಾನು ಸುಮ್ನಿದ್ದಿ' ಎಂದ.

'ನಿಮ್ಗ ಏಸ್ಕ ಆಯ್ತದ ಅಂತ ನಾನು ಬಚ್ಚಿಟ್ಟಿ.'

'ಏಸ್ಕವಾ' ಎಂದ ಅಪ್ಪ. 'ಊರೋರ್ದೆಲ್ಲ ಒಗ್ದಿರಾನು ನಾನು.'

ಹಿಂದೆ ಕೂತ ನನಗೆ ಅವರ ಎರಡು ತಲೆ ಮಾತ್ರ ಕಾಣುತ್ತಿತ್ತು. ಇಬ್ಬರೂ ಒಳ್ಳೆಯವರು. ಒಬ್ಬರ ಮರ್ಯಾದೆ ಒಬ್ಬರು ಕಾಯ್ದರು. ಕಾಯುತ್ತಾ ಕಾಯುತ್ತಾ ಗೌರಿಹಬ್ಬದಿಂದ ಶಿವರಾತ್ರಿಯ ತನಕ ಬಂದುಬಿಟ್ಟಿದ್ದರು. ನಾನು ವೇಲನ್ನು ಬಾಯಿಗೆ ತುರುಕಿಕೊಂಡು ಅತ್ತೆ.

ಕರೆಂಟು ಕೊಡಿಸಲು ಮೈಸೂರಿಗೆ ಓಡಾಡಿದೆವು. ನಮ್ಮ ಕಡೆ ವಿಕಿರಣ ಚಿಕಿತ್ಸೆಗೆ ಹಾಗೆಯೇ ಅನ್ನುವುದು, ಕರೆಂಟು ಕೊಡಿಸುವುದು. ಅವ್ವ ಒಣಗುತ್ತಾ ಹೋದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳಿಗೆ ಚಾಪೆ ಹಾಸಿದ್ದೆವು, ಒಬ್ಬಳೇ ಮೇಲೆ ಇರಲು ಒಪ್ಪುತ್ತಿರಲಿಲ್ಲ. ಮಲಗಿದ್ದಲ್ಲಿಂದಲೇ ಕೈ ಚಾಚಿ, ಬಂದ ಗಂಟುಗಳನ್ನು ಮುಟ್ಟಿ ನೋಡುತ್ತಿದ್ದಳು. ಈಗ ಅವಳ ಬಟ್ಟೆಗಳನ್ನು ಒಗೆಯುತ್ತಿದ್ದುದು ಅಪ್ಪ. ಮೆಷಿನ್ನಿಗೆ ಹಾಕಲು ಬಿಡದೆ ತಾನೇ ಕೂತು ಕೈಯಲ್ಲಿ ಒಗೆಯುತ್ತಿದ್ದ. ಹಗ್ಗದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಹರಡುತ್ತಿದ್ದ. ಆಷಾಢ ಕಳೆಯುವ ಮುಂಚೆ ಅವ್ವ ಹೋದಳು.

ಬೇರೆಯವರ ಮನೆಯಲ್ಲಿ ಸಾವಾದರೆ ಸೂತಕದ ಬಟ್ಟೆ ನಮ್ಮಲ್ಲಿಗೆ ಬರುತ್ತದೆ. ನಮ್ಮಲ್ಲೇ ಆದರೆ ಎಲ್ಲಿಗೆ ಕಳಿಸುವುದು? ನಾವೇ ಒಗೆದುಕೊಂಡೆವು. ಹನ್ನೊಂದನೇ ದಿನದ ಕಾರ್ಯ ಮುಗಿಯುವ ತನಕ ಅಪ್ಪ ಯಾರೊಂದಿಗೂ ಹೆಚ್ಚು ಮಾತಾಡಲಿಲ್ಲ. ಇನ್ನು ಇವನು ಹೀಗೇ ಮೂಗನಾಗಿ ಇರುತ್ತಾನೆ ಎಂದುಕೊಂಡಿದ್ದೆ.

ಅಂಗಡಿ ತೆರೆದ ದಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಒಬ್ಬರು ಹೆಂಗಸು ಗಂಟು ತಂದರು. ಹಳೆಯ ಗಿರಾಕಿ. ನಾವು ಗಿರಾಕಿಯ ಎದುರು ಗಂಟನ್ನು ಬಿಚ್ಚಿ ಹರಡುವುದಿಲ್ಲ, ಅದು ಮರ್ಯಾದೆಯಲ್ಲ. ಅಪ್ಪ ಗಲ್ಲಾದ ಮೇಲೆಯೇ ಬಿಚ್ಚಿದ. ಒಂದೊಂದೇ ಬಟ್ಟೆಯನ್ನು ಎತ್ತಿ, ತಿರುಗಿಸಿ, ಕನ್ನಡಕ ಸರಿಮಾಡಿಕೊಂಡು ನೋಡಿದ. ಹಾಸಿಗೆಯ ಹೊದಿಕೆಯೊಂದನ್ನು ಬೆಳಕಿಗೆ ಹಿಡಿದ.

'ರಕ್ತ ಅದಲ್ಲವ್ವ ಇದ್ರಲ್ಲಿ. ಯಾರ್ದು? ಡಾಕ್ಟ್ರುಗ ತೋರ್ಸುದ್ರಾ?'

ಅಂಗಡಿಯ ಮುಂದೆ ಇಬ್ಬರು ಮೂವರು ನಿಂತಿದ್ದರು. ಆ ಹೆಂಗಸಿನ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. ಬಟ್ಟೆಯನ್ನೆಲ್ಲ ಬಾಚಿಕೊಂಡು, ಗಂಟು ಕೂಡ ಕಟ್ಟದೆ ಹೊರಟುಹೋದರು. ಅಪ್ಪ ಹಿಂದೆಯೇ ಮೆಟ್ಟಿಲು ಇಳಿದು, 'ತೋರ್ಸವ್ವ, ಬುಡ್ಬ್ಯಾಡ' ಎಂದು ಬೀದಿಗೆ ಕೇಳುವ ಹಾಗೆ ಹೇಳಿದ.

ಅದು ಅಲ್ಲಿಗೆ ನಿಲ್ಲಲಿಲ್ಲ. ಯಾರದೋ ತಲೆದಿಂಬಿನ ಚೀಲದಲ್ಲಿ ಕಫದ ಜೊತೆ ಕೆಂಪು ಕಂಡರೆ ಕೇಳಿದ. ಒಂದು ಮನೆಯ ಸೊಸೆಯ ರವಿಕೆಯ ತೋಳು ಹರಿದು ಹತ್ತಿರವೇ ರಕ್ತದ ಕಲೆ ಇದ್ದರೆ, ಬಟ್ಟೆ ತಂದ ಗಂಡನನ್ನೇ, 'ಏನ್ಲಾ ಮಾಡ್ದೆ ಅವಳ್ಗ' ಎಂದು ಕೇಳಿದ. ಊರಿನಲ್ಲಿ ಸುದ್ದಿಯಾಯಿತು. ಲಾಂಡ್ರಿಯವನಿಗೆ ಹೆಂಡತಿ ಸತ್ತ ಮೇಲೆ ತಲೆ ಕೆಟ್ಟಿದೆ ಎಂದರು. ಗಂಟುಗಳು ಕಡಿಮೆಯಾದವು. ಕೆಲವರು ರೇಷ್ಮೆ ಸೀರೆ, ಕೋಟು ಮಾತ್ರ ಕಳಿಸಿ ಒಳಬಟ್ಟೆಗಳನ್ನು ಮನೆಯಲ್ಲೇ ಒಗೆದುಕೊಳ್ಳತೊಡಗಿದರು. ನನಗೆ ಹೆದರಿಕೆ ಆಗುತ್ತಿತ್ತು. ಅಜ್ಜಿಯ ಕಾಲದ ಆ ಬಾವಿ ಎಲ್ಲೂ ಹೋಗಿಲ್ಲ, ಎಲ್ಲ ಊರಿನಲ್ಲೂ ಒಂದಿದೆ ಎಂದು ಗೊತ್ತಿದ್ದವಳು ನಾನು. ಅಪ್ಪನಿಗೆ ಒಂದು ದಿನ ಅದನ್ನೇ ಹೇಳಿದೆ. ಅವನು, 'ಕೇಳುದ್ರೂ ಸಾಯ್ತಾರ, ಕೇಳ್ದಿದ್ರೂ ಸಾಯ್ತಾರ. ಕೇಳ್ಬುಡ್ತೀನಿ ನಾನು' ಎಂದ.

ಹೋದ ತಿಂಗಳು ಮಧ್ಯಾಹ್ನ ಬೈಕು ನಿಲ್ಲಿಸಿ ಒಬ್ಬ ಯುವಕ ಒಳಗೆ ಬಂದ. ಅಪ್ಪ ಊಟಕ್ಕೆ ಮೇಲೆ ಹೋಗಿದ್ದ. ನಾನೊಬ್ಬಳೇ ಇದ್ದೆ. ಗಲ್ಲಾದ ಮೇಲೆ ಕೈಯೂರಿ ನಿಂತ ಅವನ ಉಸಿರು ಬಿಸಿಯಾಗಿತ್ತು.

'ನೋಡಕ್ಕ, ನಿಮ್ಮಪ್ಪಂಗ ಬುದ್ದಿ ಏಳಿ. ನಮ್ಮವ್ವನ್ನ ಬೀದಿಲಿ ನಿಲ್ಲುಸ್ಕಂಡು ಅದೇನೇನೋ ಕೇಳವ್ರ. ಆವತ್ನಿಂದ ಅವ್ಳು ಈಚ್ಗೇ ಬತ್ತಿಲ್ಲ. ಮಾನಮರ್ವಾದಿ ಇರೋರು ಕಣ್ರಿ ನಾವು.'

ಅವನು ಯಾರ ಮಗ ಎಂದು ಗೊತ್ತಾಯಿತು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿ. ಕ್ಷಮಿಸಿ ಎಂದು ಹೇಳಲು ಬಾಯಿ ತೆರೆದೆ. ಅಂಗಡಿ ಉಳಿಯಬೇಕಾದರೆ ಹೇಳಬೇಕಾದದ್ದು ಅದೇ. ಅವನು ಕಾಯುತ್ತಿದ್ದ.

'ತೋರಿಸಿದ್ರಾ ಡಾಕ್ಟ್ರಿಗೆ?' ಎಂದು ಕೇಳಿದೆ.

ಅವನು ಕೈ ಎತ್ತಿದ. ಹೊಡೆದೇ ಬಿಡುತ್ತಾನೇನೋ ಅಂದುಕೊಂಡೆ. ಕೈ ಹಾಗೆಯೇ ಕೆಳಗಿಳಿಯಿತು.

'ನಮ್ಮವ್ವ ಅಂತಾದೇನೂ ಏಳ್ನಿಲ್ವಲ್ಲ' ಎಂದ.

'ನಮ್ಮವ್ವನೂ ಹೇಳಿರಲಿಲ್ಲ' ಎಂದೆ.